ನೆವಾರ್ಕಿನ ಚರ್ಚು, ನಮ್ಮ ಓಣಿಯ ಹೊಸ್ತಿಲು

ಓದುವ ಹಿರಿಯರಿಗೂ ತಾಯಂದಿರಿಗೂ ಶರಣು. ನಾನು ಬಾಗಲಕೋಟೆಯ ಕಾಳಪ್ಪ. ಬಡಿಗತನ ನನ್ನ ಕೆಲಸ. ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ. ಹತ್ತನೆಯ ತರಗತಿ ಪಾಸಾಗುವ ಹೊತ್ತಿಗೆ ತಲೆ ಅರ್ಧ ನೆರೆತಿತ್ತು. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಆ ಬೆರಳೂ ಹಿಂದೊಮ್ಮೆ ಗರಗಸ ತಾಗಿ ಸೊಟ್ಟಾಗಿದೆ. ಒತ್ತಕ್ಷರ ತಪ್ಪಿದ್ದರೆ ಬೈಯಬೇಡಿ, ತಿದ್ದಿಕೊಂಡು ಓದಿ.

ನನ್ನ ಅಕ್ಕ ಗಂಗಕ್ಕನ ಮಗಳು ಶೈಲಾಗೆ ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ಹೆರಿಗೆಯಾಯಿತು. ಬಾಣಂತನಕ್ಕೆ ಅಕ್ಕ ಹೊರಟಳು. ಒಬ್ಬಳೇ ವಿಮಾನ ಹತ್ತಲು ಹೆದರಿದಳು, ಜೊತೆಗೆ ನನ್ನನ್ನು ಕರೆದುಕೊಂಡಳು. ಮೂರು ತಿಂಗಳು ಇದ್ದೆವು. ಅಲ್ಲಿನ ಕೆಂಪು ಸೇತುವೆ, ಸಮುದ್ರ, ದೊಡ್ಡ ದೊಡ್ಡ ಆಫೀಸುಗಳ ಬಗ್ಗೆ ತಿಳಿದವರು ಬಹಳ ಬರೆದಿದ್ದಾರೆ. ನಾನು ಚೆನ್ನಾಗಿ ನೋಡಿದ್ದು ಒಂದೇ ಕಟ್ಟಡ. ಅದನ್ನೂ ಮೇಲಿನಿಂದ ನೋಡಿದ್ದಕ್ಕಿಂತ ಕೆಳಗಿನಿಂದ ನೋಡಿದ್ದೇ ಹೆಚ್ಚು.

ಬುಧವಾರ, ಗಜ್ಜರಿಯ ಸಾಲಿನಲ್ಲಿ

ಅಲ್ಲಿ ರಸ್ತೆಯಲ್ಲಿ ಕಾರು ಕಾಣುತ್ತವೆ, ಮನುಷ್ಯರು ಕಾಣುವುದಿಲ್ಲ. ಬೆಳಿಗ್ಗೆ ನಾನೂ ಅಕ್ಕನೂ ನಡೆದು ಹೊರಟರೆ ನಾಯಿ ಹಿಡಿದವರು ಮಾತ್ರ ಎದುರಾಗಿ "ಹಾಯ್" ಅನ್ನುತ್ತಿದ್ದರು. ಮೂರನೆಯ ದಿನ ಒಂದು ಬಿಳಿ ಬಣ್ಣದ ಮರದ ಚರ್ಚಿನ ಮುಂದೆ ಹತ್ತಿಪ್ಪತ್ತು ಜನ ಸಾಲಾಗಿ ನಿಂತಿದ್ದರು. ಬಾಗಿಲಲ್ಲಿ ಮೇಜು ಹಾಕಿ, ಬಂದವರಿಗೆಲ್ಲ ಚೀಲ ಕೊಡುತ್ತಿದ್ದರು.

"ದಾಸೋಹ ಇದ್ಧಂಗ ಐತಿ," ಅಂದಳು ಅಕ್ಕ. "ಕೈ ಒಡ್ಡದ ಹಂಗ ಹೋದ್ರ ತಪ್ಪಾಕೈತಿ, ನಿಂದ್ರು."

ನಿಂತೆವು. ಒಂದು ಚೀಲ ಗಜ್ಜರಿ, ಡಬ್ಬಿಯ ಕಾಳು, ಒಂದು ಬ್ರೆಡ್ಡು ಸಿಕ್ಕಿತು. ಅಕ್ಕ ಚೀಲವನ್ನು ಕಣ್ಣಿಗೊತ್ತಿಕೊಂಡಳು. ಕೊಡುತ್ತಿದ್ದ ಮುದುಕಿಯೂ ಏನು ತಿಳಿದುಕೊಂಡರೋ, ತಲೆ ಬಾಗಿಸಿದರು.

ಮನೆಯಲ್ಲಿ ಶೈಲಾ ಹಣೆ ಹಣೆ ಬಡಿದುಕೊಂಡಳು. "ಅವ್ವಾ, ಅದು ಫುಡ್ ಪ್ಯಾಂಟ್ರಿ. ಮನ್ಯಾಗ ಉಣ್ಣಾಕ ಇಲ್ಲದವ್ರಿಗೆ ಕೊಡೋದು. ನಮ್ಮ ಅಪಾರ್ಟ್ಮೆಂಟಿನವ್ರು ಯಾರರೆ ನೋಡಿದ್ರ ಏನಂತಾರ?"

ಅಳಿಯ ಪ್ರವೀಣ ಬೆಂಗಳೂರಿನ ಹುಡುಗ, ನಗುವುದನ್ನು ತಡೆಯಲಾರ. "ಅತ್ತೆ, ಫ್ರಿಜ್ಜಲ್ಲಿ ಜಾಗಾನೇ ಇಲ್ಲ ಅಂತ ನಿನ್ನೆ ನೀವೇ ಬೈತಿದ್ರಿ."

"ಇನ್ನೂ ಉಂಡಿಲ್ಲಲಾ," ಅಂದಳು ಅಕ್ಕ. ಆದರೆ ಮುಖ ಸಣ್ಣಗಾಗಿತ್ತು. "ಹೊಳ್ಳಿ ಕೊಟ್ಟ ಬಾ ತಮ್ಮಾ."

ಸಂಜೆ ಪ್ರವೀಣನನ್ನು ಕರೆದುಕೊಂಡು ಹೋದೆ. ಬಾಗಿಲು ತೆಗೆದದ್ದು ಅದೇ ಮುದುಕಿ, ಹೆಸರು ಡೊರೋತಿ. ಎಂಬತ್ನಾಲ್ಕು ವಯಸ್ಸು, ಬಿಳಿ ಕೂದಲಿನಲ್ಲಿ ಸಿಕ್ಕಿಸಿದ ಪೆನ್ಸಿಲು, ಕೊರಳಲ್ಲಿ ಚರ್ಚಿನ ಕೀಲಿ. ಪ್ರವೀಣ ಎಲ್ಲ ಹೇಳಿದ. ಅವರು ಚೀಲ ಮುಟ್ಟಲಿಲ್ಲ.

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ಇಲ್ವಂತೆ, ಮಾವ. ಹಸಿವು ಇದೆಯಾ ಅಂತ ನಾವು ಯಾರನ್ನೂ ಕೇಳೋದೂ ಇಲ್ಲ ಅಂತಾರೆ."

"ಹಂಗಾದ್ರ ಕೆಲಸಾ ಮಾಡ್ತೀನಿ ಅಂತ ಹೇಳಪಾ," ಅಂದೆ. ನಮ್ಮ ಕಡೆ ಮಠದಲ್ಲಿ ಉಂಡವನು ಎಲೆಯನ್ನಾದರೂ ಎತ್ತಿ ಬರುತ್ತಾನೆ. ಒಳಗೆ ನಾಲ್ಕು ಹೆಜ್ಜೆ ಇಟ್ಟಾಗಲೇ ನನ್ನ ಕಾಲಿಗೆ ಗೊತ್ತಾಗಿತ್ತು, ಪೂಜೆಯ ಮೇಜಿನ ಹತ್ತಿರದ ಹಲಗೆಗಳು ಕುಸಿಯುತ್ತಿವೆ.

"ಮಾವ, ಇಲ್ಲಿ ಒಂದು ಮೊಳೆ ಹೊಡೆಯೋಕೂ ಇನ್ಶೂರೆನ್ಸು ಕೇಳ್ತಾರೆ," ಅಂದ ಪ್ರವೀಣ. ಡೊರೋತಿ ಅಷ್ಟರಲ್ಲಿ ಒಂದು ಫಾರಂ ತಂದಿದ್ದರು. ಕನ್ನಡದಲ್ಲಿ ಸಹಿ ಮಾಡಿದೆ. ನಿಧಾನಕ್ಕೆ ಮಾಡಿದೆ, ಅವರು ನಿಧಾನಕ್ಕೆ ನೋಡಿದರು.

ಎರಡು ಗಾಡಿಗಳ ಕಥೆ

ಇದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಮನೆತನಕ್ಕೆ ಸೇರಿದ್ದು. ಅಮೆರಿಕದಲ್ಲಿ ಅದನ್ನೇ ಎಪಿಸ್ಕೋಪಲ್ ಅನ್ನುತ್ತಾರೆ. ಬೇರು ಅಲ್ಲಿಯದು, ಕೊಂಬೆ ಇಲ್ಲಿಯದು ಎಂದು ಡೊರೋತಿ ತಿಳಿಸಿ ಹೇಳಿದರು. ಪಾದ್ರಿ ಒಬ್ಬ ಹೆಣ್ಣುಮಗಳು. ಎರಡು ಊರಿನ ಚರ್ಚು ನೋಡಿಕೊಳ್ಳಬೇಕು, ಹಾಗಾಗಿ ಇಲ್ಲಿಗೆ ವಾರ ಬಿಟ್ಟು ವಾರ ಬರುತ್ತಾರೆ. ಭಾನುವಾರ ನನ್ನನ್ನೂ ಸೇರಿಸಿ ಎಣಿಸಿದರೆ ಹತ್ತೊಂಬತ್ತು ತಲೆ. ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಕಾಫಿ, ಸಕ್ಕರೆ ಮೆತ್ತಿದ ಬನ್ನು. ನನ್ನ ಜೊತೆ ಎಲ್ಲರೂ ಹವಾಮಾನದ ಬಗ್ಗೆ ಮಾತಾಡಿದರು. ಹವಾಮಾನ ಮೂರು ತಿಂಗಳೂ ಒಂದೇ ತರಹ ಇತ್ತು, ಆದರೂ ಮಾತಾಡಿದರು.

ಚರ್ಚಿನ ನಡುವೆ, ನೆಲದ ಮೇಲೆ ಅಡ್ಡಲಾಗಿ ಒಂದು ಕೂಡುಗೆರೆ ಇದೆ. ಬಾಗಿಲ ಕಡೆಯ ಅರ್ಧ ಆಚೆ, ಪೂಜೆಯ ಕಡೆಯ ಅರ್ಧ ಈಚೆ. ಅದನ್ನು ಯಾರೂ ತುಳಿಯುವುದಿಲ್ಲ. ಕೋಲೂರಿಕೊಂಡು ಬರುವ ಮುದುಕರೂ ಅಲ್ಲಿ ಬಂದಾಗ ಕಾಲೆತ್ತಿ ದಾಟುತ್ತಾರೆ. ಮೊದಲ ಭಾನುವಾರ ನಾನು ತಿಳಿಯದೆ ತುಳಿದಾಗ ಪಕ್ಕದವರೊಬ್ಬರು ಸಣ್ಣಗೆ ಉಸಿರೆಳೆದುಕೊಂಡರು. ಬೇರೇನೂ ಹೇಳಲಿಲ್ಲ. ನನಗೆ ಅಷ್ಟೇ ಸಾಕಾಯಿತು. ನಮ್ಮಲ್ಲಿ ಹೊಸ್ತಿಲು ತುಳಿದರೆ ಅಜ್ಜಿಯರು ಹಾಗೆಯೇ ಉಸಿರೆಳೆದುಕೊಳ್ಳುತ್ತಾರೆ.

ಆ ಗೆರೆಯ ಹಿಂದೆ ಈ ಚರ್ಚಿನ ಹುಟ್ಟಿನ ಕಥೆ ಇದೆ. ಚರ್ಚನ್ನು ಮೊದಲು ಕಟ್ಟಿದ್ದು ಬೆಟ್ಟದಾಚೆಯ ಒಂದು ಊರಿನಲ್ಲಿ. ಆ ಊರಿನವರು ಇಟ್ಟಿಗೆಯ ದೊಡ್ಡ ಚರ್ಚು ಕಟ್ಟಿಕೊಂಡಾಗ ಮರದ್ದನ್ನು ನೆವಾರ್ಕಿನವರಿಗೆ ಕೊಟ್ಟರು. ತೊಂಬತ್ತು ವರ್ಷಕ್ಕೂ ಹಿಂದೆ ಅದನ್ನು ನಡುವೆ ಗರಗಸದಿಂದ ಕೊಯ್ದು, ಎರಡು ಗಾಡಿಯ ಮೇಲೆ ಹೇರಿ ತಂದು, ಇಲ್ಲಿ ಮತ್ತೆ ಕೂಡಿಸಿದರಂತೆ. ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದ ಒಂಬತ್ತು ಮನೆತನಗಳು ಗಾಡಿಯ ಹಿಂದೆ ನಡೆದು ಬಂದವಂತೆ. ಆ ಒಂಬತ್ತು ಹೆಸರು ಬಾಗಿಲ ಬಳಿ ಹಿತ್ತಾಳೆಯ ತಗಡಿನಲ್ಲಿ ಕೆತ್ತಿದ್ದಾರೆ.

ಡೊರೋತಿಯ ಮನೆತನದ ಹೆಸರು ಅದರಲ್ಲಿಲ್ಲ. ಅವರ ತಾಯಿ ಮೂವತ್ತು ವರ್ಷ ಈ ಚರ್ಚಿನ ಕಸ ಹೊಡೆದವರು. ಅದಕ್ಕೂ ಮುಂಚೆ, ಹುಡುಗಿಯಾಗಿದ್ದಾಗ, ತೋಟದ ಶೆಡ್ಡಿನಲ್ಲಿ ಜರ್ದಾಳು ಹಣ್ಣು ಹೋಳು ಮಾಡಿ ಒಣಗಿಸುವ ಕೆಲಸ. ಈಗ ಆಫೀಸುಗಳಿರುವ ಕಡೆಯೆಲ್ಲ ಆಗ ಹಣ್ಣಿನ ತೋಟಗಳಿದ್ದವಂತೆ.

"ಡೊರೋತಿ ಚಿಕ್ಕೋರಿದ್ದಾಗ ಅವರನ್ನ ಹಿಂದಿನ ಬೆಂಚಲ್ಲಿ ಕೂರಿಸ್ತಿದ್ರಂತೆ, ಮಾವ. ಬೇಕು ಅಂತ ಅಲ್ಲ, ಮುಂದಿನ ಬೆಂಚು ಆ ಒಂಬತ್ತು ಮನೆಯವರದು ಅಂತ ಎಲ್ಲರಿಗೂ ಗೊತ್ತಿತ್ತಂತೆ."

ಈಗ ಆ ಒಂಬತ್ತು ಮನೆಯವರು ಯಾರೂ ಇಲ್ಲಿಲ್ಲ. ಡೊರೋತಿ ಮಾತ್ರ ಇದ್ದಾರೆ, ಕೀಲಿ ಇಟ್ಟುಕೊಂಡು. ಆ ಕೀಲಿಯನ್ನೂ ಬಿಡುವ ಹೊತ್ತು ಬಂದಿತ್ತು. ಬೆಟ್ಟದಾಚೆಯ ಊರಿನವರು ಹಳೆಯ ಕಟ್ಟಡಗಳನ್ನೆಲ್ಲ ಒಂದು ಬಯಲಿನಲ್ಲಿ ಸೇರಿಸಿ ಜನರಿಗೆ ತೋರಿಸುತ್ತಿದ್ದಾರೆ. ಹಳೆಯ ಶಾಲೆ, ಕಮ್ಮಾರಸಾಲೆ ಎಲ್ಲ ಇವೆ, ನಮ್ಮ ಚರ್ಚನ್ನೂ ಮರಳಿ ಕೊಡಿ ಎಂದು ಕೇಳಿದ್ದರು. ಇಲ್ಲಿ ಬರುವವರು ಕಡಿಮೆ, ಪಕ್ಕದ ಊರಿನ ಚರ್ಚಿನ ಜೊತೆ ಸೇರಿಬಿಡೋಣ ಎಂಬ ಮಾತು ಮೊದಲೇ ಇತ್ತು. ಎರಡು ವಾರ ಬಿಟ್ಟು ಬರುವ ಭಾನುವಾರ ಸಮಿತಿಯವರು ಕೈ ಎತ್ತಿ ತೀರ್ಮಾನ ಮಾಡುವುದಿತ್ತು. ಬೇಡ ಅನ್ನುವವರು ಡೊರೋತಿ ಒಬ್ಬರೇ.

"ಅವರದನ್ನ ಅವರು ಕೇಳ್ತಿದಾರೆ, ಬೇಡ ಅನ್ನೋಕೆ ನನ್ನ ಹತ್ರ ಏನು ಮಾತಿದೆ ಅಂತಾರೆ," ಅಂದ ಪ್ರವೀಣ.

ಅದಕ್ಕೇ ಅವರು ಚರ್ಚಿನ ಇತಿಹಾಸ ಬರೆಯುತ್ತಿದ್ದರು. ಕಟ್ಟಡ ಹೋದರೂ ಕಾಗದ ಉಳಿಯಲಿ ಎಂದು. ಕಂಪ್ಯೂಟರಿನ ಮುಂದೆ ಕೂತು ಎರಡು ಬೆರಳಿನಿಂದ ಒತ್ತುತ್ತಿದ್ದರು. ನಾನು ಒಂದು ಬೆರಳಿನವನು, ಅವರು ನನಗಿಂತ ಒಂದು ತರಗತಿ ಮುಂದೆ ಎಂದು ಹೇಳಿಸಿದೆ. ಬಹಳ ಹೊತ್ತು ನಕ್ಕರು.

ನಮ್ಮ ಕಡೆ ಗುಡಿಯನ್ನು ಹೀಗೆ ಒಯ್ಯುತ್ತಾರೆಯೇ ಎಂದು ಕೇಳಿದರು. ಒಯ್ದಿದ್ದೇವೆ ಅಂದೆ. ಆಣೆಕಟ್ಟಿನ ಹಿನ್ನೀರು ನಮ್ಮ ಓಣಿಗೆ ಬಂದಾಗ ಹನಮಪ್ಪನ ಗುಡಿಯನ್ನು ಬಿಚ್ಚಿ ಮೇಲಿನ ಊರಿಗೆ ತಂದೆವು. ಮೊದಲು ಪೂಜಾರಿ ದೇವರ ಕಳೆಯನ್ನು ಕೊಡದ ನೀರಿಗೆ ಇಳಿಸುತ್ತಾರೆ. ಆಮೇಲೆ ಗುಡಿ ಬರೀ ಕಲ್ಲು, ಕಟ್ಟಿಗೆ. ಅವರಲ್ಲಿಯೂ ಚರ್ಚು ಬಿಡುವಾಗ ಬಿಷಪ್ಪು ಬಂದು ಒಂದು ಕಾಗದ ಓದುತ್ತಾರಂತೆ, ಓದಿದ ಮೇಲೆ ಅದು ಬರೀ ಮನೆಯಂತೆ. ಇದನ್ನು ಹೇಳಿ ಡೊರೋತಿ ಮತ್ತೆ ಎರಡು ಬೆರಳಿನಿಂದ ಒತ್ತತೊಡಗಿದರು.

ನೆಲದ ಕೆಳಗೆ

ಅಮೆರಿಕದ ಮರದ ಕಟ್ಟಡಗಳು ನೆಲಕ್ಕೆ ತಾಗಿರುವುದಿಲ್ಲ. ಗಿಡ್ಡ ಕಂಬಗಳ ಮೇಲೆ ಕೂತಿರುತ್ತವೆ, ಕೆಳಗೆ ತೆವಳಿ ಹೋಗುವಷ್ಟು ಜಾಗ. ಶುಕ್ರವಾರ ಮೊಬೈಲಿನ ಬ್ಯಾಟರಿ ಹಚ್ಚಿಕೊಂಡು ಹೊಟ್ಟೆಯ ಮೇಲೆ ಒಳಗೆ ಹೋದೆ. ಜೇಡರ ಬಲೆ, ಯಾರೋ ಕೆಲಸದವನು ಮರೆತ ಒಂದು ಗ್ಲೋವು.

ಬಾಗಿಲ ಕಡೆಯ ಅರ್ಧ ಚೆನ್ನಾಗಿತ್ತು. ರೆಡ್‌ವುಡ್ ಎಂಬ ಕೆಂಪು ಮರ, ಬಾಚಿಯಲ್ಲಿ ಕೆತ್ತಿದ ತೊಲೆ, ಹಳೆಯ ಕಾಲದ ಚೌಕ ಮೊಳೆ. ಕೂಡುಗೆರೆ ದಾಟಿ ಪೂಜೆಯ ಕಡೆಗೆ ಹೋದೆ. ಅಲ್ಲಿ ಕೈ ಬೇರೆ. ಮೊಳೆ ದುಂಡಗೆ, ತೊಲೆ ಮಿಲ್ಲಿನಲ್ಲಿ ಕೊಯ್ದದ್ದು, ಬೇರೆಲ್ಲೋ ಬೋಲ್ಟು ಹಾಕಿದ್ದ ತೂತುಗಳು ಹಾಗೇ ಇವೆ. ಒಂದೇ ಕಟ್ಟಡವನ್ನು ಕೊಯ್ದು ಕೂಡಿಸಿದ್ದರೆ ಗೆರೆಯ ಎರಡೂ ಕಡೆ ಒಬ್ಬನೇ ಬಡಿಗನ ಕೈ ಇರಬೇಕಲ್ಲ. ಇದು ಇಬ್ಬರದು. ನಡುವೆ ಬಹಳ ವರ್ಷ.

ಮೇಲೆ ನೋಡಿದೆ. ನೆಲದ ಹಲಗೆಗಳ ಕೆಳಮೈ ತುಂಬ ಸಣ್ಣ ಸಣ್ಣ ಗೆರೆಗಳು. ಇಂಥವನ್ನು ನಾನು ನಮ್ಮೂರಲ್ಲಿ ಚಪ್ಪಲಿ ಹೊಲಿಯುವವರು ತೊಗಲು ಕೊಯ್ಯುವ ಹಲಗೆಯ ಮೇಲೆ ಕಂಡಿದ್ದೇನೆ. ಚಾಕುವಿನ ಗೆರೆಗಳು, ಸಾವಿರಾರು. ಅಲ್ಲಲ್ಲಿ ಕಪ್ಪಗಾದ ರಸದ ಕಲೆ. ಗೆರೆಗಳು ಗುಂಪು ಗುಂಪಾಗಿದ್ದವು, ಒಂದು ಗುಂಪಿಗೂ ಇನ್ನೊಂದಕ್ಕೂ ಒಂದೂವರೆ ಮೊಳ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತವರ ಕೆಲಸ ಅದು. ಎಲ್ಲ ಗೆರೆಗಳೂ ಬಲದಿಂದ ಎಡಕ್ಕೆ ಓರೆ. ಒಂದು ಗುಂಪು ಮಾತ್ರ ಎಡದಿಂದ ಬಲಕ್ಕೆ.

ಒಂದು ಹಲಗೆಯ ಮೇಲೆ ಬಣ್ಣದ ಅಚ್ಚಿನಲ್ಲಿ ಇಂಗ್ಲಿಷ್ ಅಕ್ಷರ ಇದ್ದವು. ಕೂಡಿಸಿ ಓದಿದರೂ ಅರ್ಥವಾಗಲಿಲ್ಲ. ಒಂದೊಂದನ್ನೇ ನೋಡಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಹೊರಗೆ ಬಂದು ಪ್ರವೀಣನಿಗೆ ತೋರಿಸಿದೆ.

"ಯಾವುದೋ ಹಣ್ಣಿನ ತೋಟದ ಹೆಸರು, ಮಾವ. ಯಾಕೆ?"

"ಏನಿಲ್ಲಪಾ," ಅಂದು ಕೈ ತೊಳೆದುಕೊಂಡೆ.

ಅಂಟಿನ ಉಂಡೆ ಕಟ್ಟುತ್ತ

ಮೂರು ದಿನ ಸುಮ್ಮನಿದ್ದೆ. ಹೇಳಿದರೆ ಡೊರೋತಿಯ ಇತಿಹಾಸದ ಮೊದಲ ಪುಟವೇ ಸುಳ್ಳಾಗುತ್ತದೆ. ಜನ ಕಾಲೆತ್ತಿ ದಾಟುವ ಆ ಗೆರೆಯ ಒಂದು ಪಕ್ಕ ಬರೀ ಹಣ್ಣಿನ ಶೆಡ್ಡು. ಹೇಳದಿದ್ದರೆ ಬೆಟ್ಟದಾಚೆಯವರು ತಮ್ಮದಲ್ಲದ್ದನ್ನೂ ತಮ್ಮದೆಂದು ಒಯ್ಯುತ್ತಾರೆ. ಹೊರಗಿನಿಂದ ಬಂದ ನಾನು ಯಾರ ನಂಬಿಕೆಯನ್ನು ಕೀಳಲಿ?

ಇನ್ನೊಂದು ಕಾರಣವೂ ಇತ್ತು, ಅದು ನನ್ನದೇ. ಹನಮಪ್ಪನ ಗುಡಿ ಬಿಚ್ಚಿದಾಗ ಬಾಗಿಲ ಚೌಕಟ್ಟು ಕೀಳುವ ಕೆಲಸ ನನ್ನದಾಗಿತ್ತು. ಹೊಸ್ತಿಲು ಮತ್ತಿ ಮರದ್ದು, ಎಷ್ಟು ತಲೆಮಾರಿನದೋ. ನೀರು ಬರುವ ಗಡಿಬಿಡಿ. ಹಾರೆ ತಪ್ಪು ಕಡೆ ಹಾಕಿ ಮೀಟಿದೆ, ಹೊಸ್ತಿಲು ಎರಡು ತುಂಡಾಯಿತು. ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಹೊಸದನ್ನು ಮಾಡಿದೆ. ಎಣ್ಣೆ, ಮಸಿ, ಸಗಣಿಯ ನೀರು ತಿಕ್ಕಿ ಹಳೆಯದರಂತೆ ಕಾಣಿಸಿದೆ. ಹೊಸ ಜಾಗದಲ್ಲಿ ಗುಡಿ ನಿಂತ ದಿನ ಓಣಿಯ ಮುದುಕಿಯರು ಬಂದು ಆ ಹೊಸ್ತಿಲು ಮುಟ್ಟಿ ಅತ್ತರು. "ಇದೊಂದರ ನಮ್ಮದು ಉಳೀತು," ಅಂದರು. ಇಪ್ಪತ್ತು ವರ್ಷದ ಮೇಲಾಯಿತು. ಶನಿವಾರ ಗುಡಿಗೆ ಹೋದಾಗಲೆಲ್ಲ ನಾನು ಕೆಳಗೆ ನೋಡದೆ ದಾಟುತ್ತೇನೆ.

ಸೋಮವಾರ ಮಧ್ಯಾಹ್ನ ಅಕ್ಕ ಬಾಣಂತಿಗೆ ಅಂಟಿನ ಉಂಡೆ ಕಟ್ಟುತ್ತಿದ್ದಳು. ನಾನು ಒಣಕೊಬ್ಬರಿ ಹೆರೆದು ಕೊಡುತ್ತಿದ್ದೆ.

"ಅಲ್ಲೋ ತಮ್ಮಾ, ಮೂರ ದಿನಾ ಆತು, ಬಾಯಿಗೆ ಹೊಲಿಗಿ ಹಾಕ್ಕೊಂಡಿ ಏನ?"

ಹಲಗೆಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಹೊಸ್ತಿಲಿನದೂ ಬಾಯಿಗೆ ಬಂದುಬಿಟ್ಟಿತು. ಅಕ್ಕ ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಹೊಚ್ಚಲಾ ಹೊಸಾದು ಅಂತ ನನಗ ಅವತ್ತ ಗೊತ್ತಾಗಿತ್ತು."

"ಹೆಂಗ?"

"ಹಳೇದರಾಗ ನಡಬರಕ ಒಂದ ತಗ್ಗ ಇತ್ತು. ಆಯಿ, ಅವ್ವಾ, ಆಮ್ಯಾಲ ನಾನು, ಅರಿಷಿಣಾ ಹಚ್ಚಿ ಹಚ್ಚಿ ಬಿದ್ದ ತಗ್ಗ. ನನ್ನ ಹೆಬ್ಬೆಟ್ಟ ಅದರಾಗ ಕುಂದರ್ತಿತ್ತು. ನೀ ಮಾಡಿದ್ದು ಸಪಾಟ ಇತ್ತಲ್ಲೋ. ಮಸಿ ತಿಕ್ಕಿದಿ, ತಗ್ಗ ಮರತಿ."

ಕೊಬ್ಬರಿ ಹೆರೆಯುವುದು ನಿಂತುಹೋಯಿತು. "ಮತ್ತ ಯಾಕ ಹೇಳಲಿಲ್ಲ?"

"ಹೇಳಿ ಏನ ಮಾಡ್ಲಿ? ಓಣಿ ಮಂದಿ ನಿನ್ನ ಹೊಡೀಲೀ ಅಂತನಾ? ಸುಮ್ನ ಹಚ್ಚಕೋತ ಹೋದೆ. ಈಗ ಇದರಾಗೂ ಸಣ್ಣ ತಗ್ಗ ಬಿದ್ದೈತಿ. ನೀ ನೋಡೂದಿಲ್ಲ, ಮಾರಿ ಮ್ಯಾಲ ಮಾಡ್ಕೊಂಡ ದಾಟತಿ."

ಅಂದರೆ ಅದೂ ಅವಳಿಗೆ ಗೊತ್ತಿತ್ತು.

"ಆ ಮುದುಕಿಗೆ ಹೇಳ್ಲೋ ಬ್ಯಾಡೋ?"

"ಅವರವ್ವ ಹಣ್ಣ ಹೆಚ್ಚತಿದ್ಲು ಅಂತಿ. ಹಲಗಿ ಮ್ಯಾಲ ಹೆಚ್ಚಿದ ಗುರ್ತ ಐತಿ ಅಂತಿ. ಅವರದು ಅವರಿಗೆ ತೋರ್ಸೋ. ಅದನ್ಯಾಕ ನೀ ಹೊಟ್ಟ್ಯಾಗ ಇಟ್ಕೊಂಡಿ?" ಅಂದು ನನ್ನ ಕೈಗೆ ಒಂದು ಉಂಡೆ ಇಟ್ಟಳು. ಬಾಣಂತಿಯ ಉಂಡೆ ನನಗೆ ಕೊಟ್ಟದ್ದು ಅದೊಂದೇ ಸಲ.

ಹಲಗೆ

ಮರುದಿನ ಕುಸಿದ ಹಲಗೆಗಳಲ್ಲಿ ಒಂದನ್ನು ಎಬ್ಬಿಸಿದೆ, ಆ ಎಡದಿಂದ ಬಲಕ್ಕೆ ಓರೆಯಾದ ಗೆರೆಗಳಿದ್ದದ್ದನ್ನೇ. ಬೆಂಚಿನ ಮೇಲೆ ಬೋರಲು ಹಾಕಿ ಡೊರೋತಿಯನ್ನು ಕರೆಸಿದೆ. ಅಂಗೈಯಿಂದ ಕಾಗದಕ್ಕೆ ಇಳಿಸಿದ್ದ ಅಕ್ಷರಗಳನ್ನೂ ಕೊಟ್ಟೆ. ಚೌಕ ಮೊಳೆ ಒಂದು, ದುಂಡು ಮೊಳೆ ಒಂದು ಪಕ್ಕದಲ್ಲಿಟ್ಟೆ. ಪ್ರವೀಣ ಆಫೀಸಿನ ಮೀಟಿಂಗು ಬಿಟ್ಟು ಬಂದಿದ್ದ, ಅವಸರದಲ್ಲಿ ಹೇಳತೊಡಗಿದ. ಅರ್ಧಕ್ಕೆ ಬಂದಾಗ ಅವನೇ ಮೆಲ್ಲಗಾದ.

ಕಾಗದದ ಹೆಸರು ಓದಿ ಡೊರೋತಿ ಕನ್ನಡಕ ತೆಗೆದರು. ಅವರ ತಾಯಿ ಕೆಲಸ ಮಾಡುತ್ತಿದ್ದ ತೋಟ ಅದು. ಆಮೇಲೆ ಹಲಗೆಯ ಮೇಲೆ ಬೆರಳಾಡಿಸುತ್ತ ಹೋದರು. ಆ ಗುಂಪಿಗೆ ಬಂದಾಗ ಬೆರಳು ನಿಂತಿತು. ಹಾಗೇ ಓರೆಯಾಗಿ ಮೇಲೆ ಕೆಳಗೆ ಸವರಿದರು. ಎಡಗೈಯಿಂದ. ಪೆನ್ಸಿಲು ಹಿಡಿಯುವುದೂ ಅವರು ಎಡಗೈಯಿಂದಲೇ ಎಂದು ನಾನು ಮೊದಲೇ ನೋಡಿದ್ದೆ.

"ಅವರಮ್ಮನೂ ಎಡಚಿಯಂತೆ, ಮಾವ."

ಅವರು ಮತ್ತೇನೋ ಹೇಳಿದರು. ಪ್ರವೀಣ ನನ್ನ ಕಿವಿಯ ಹತ್ತಿರ ಬಂದು ಹೇಳಿದ, "ಆದರೆ ಎಡಗೈಯವರು ಬೇರೆಯವರೂ ಇದ್ದಿರಬಹುದು, ಇತಿಹಾಸದಲ್ಲಿ ಅದನ್ನ ಬರೆಯೋಕಾಗಲ್ಲ, ತೋಟದ ಹೆಸರು ಮಾತ್ರ ಬರೀತೀನಿ ಅಂತಾರೆ."

ಬರೆಯುವವರು ಹೀಗಿರಬೇಕು ಎಂದು ನನಗೆ ಅನ್ನಿಸಿತು. ಆದರೆ ಕೈಯನ್ನು ಆ ಗೆರೆಗಳ ಮೇಲಿಂದ ಅವರು ಎತ್ತಲಿಲ್ಲ.

ಕೈ ಎತ್ತುವ ಭಾನುವಾರ

ಬೆಟ್ಟದಾಚೆಯ ಊರಿನಿಂದ ಕೋಟು ಹಾಕಿದ ಒಬ್ಬ ಮನುಷ್ಯ ಬಂದಿದ್ದ. ಒಳ್ಳೆಯ ಮಾತಿನವನು. ಡೊರೋತಿ ಎದ್ದು ತಮ್ಮ ಬರಹದ ಹೊಸ ಮೊದಲ ಪುಟ ಓದಿದರು, ಹಲಗೆ ತೋರಿಸಿದರು. ಒಬ್ಬ ಮುದುಕ ತಲೆ ಅಲ್ಲಾಡಿಸಿ, ಎರಡು ಗಾಡಿ ಎಂದು ನಮ್ಮಪ್ಪ ಹೇಳುತ್ತಿದ್ದ, ಅವನು ಸುಳ್ಳು ಹೇಳುವವನಲ್ಲ ಅಂದರು.

ಕೋಟಿನ ಮನುಷ್ಯ, ನಾನೇ ನೋಡುತ್ತೇನೆ ಎಂದು ಕೆಳಗೆ ತೆವಳಿದ. ತಲೆಯ ತುಂಬ ಜೇಡರ ಬಲೆ ಮಾಡಿಕೊಂಡು ಹೊರಗೆ ಬಂದ. ಪ್ಯಾಂಟು ಝಾಡಿಸಿಕೊಳ್ಳುತ್ತ ಅವನು ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಪ್ರವೀಣ ನಗು ಮುಗಿಸಿ ನನಗೆ ಹೇಳಿದ.

"ಅವರ ಊರಲ್ಲಿ ಒಂದು ಹಳೇ ಕುದುರೆ ಲಾಯ ಇದೆಯಂತೆ, ಮಾವ. ಅದಕ್ಕೆ ಚರ್ಚಿನ ತರಹ ಚೂಪು ಕಿಟಕಿ ಇದೆಯಂತೆ. ಕುದುರೆಗೆ ಅಂಥ ಕಿಟಕಿ ಯಾಕೆ ಅಂತ ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲವಂತೆ."

ಎರಡನೆಯ ಗಾಡಿ ಅಲ್ಲಿಂದ ಹೊರಟೇ ಇರಲಿಲ್ಲ, ಆ ಅರ್ಧ ಅಲ್ಲಿಯೇ ಕುದುರೆ ಲಾಯವಾಗಿತ್ತು. ಯಾಕೆ ಎಂದು ಈಗ ಹೇಳುವವರು ಯಾರೂ ಇಲ್ಲ. ಅರ್ಧ ಚರ್ಚು ಬಂತು. ಉಳಿದರ್ಧವನ್ನು ಇಲ್ಲಿನ ತೋಟದವರು ತಮ್ಮ ಶೆಡ್ಡು ಬಿಚ್ಚಿ ಕಟ್ಟಿಕೊಂಡರು. ಹಲಗೆಯ ಗಾಯ ಕಾಣದಂತೆ ಬೋರಲು ಹಾಕಿದರು. ಆ ಕೆಲಸಕ್ಕೂ ಒಬ್ಬ ಬಡಿಗ ಇದ್ದನಲ್ಲ. ಅವನೂ ನನ್ನ ಹಾಗೆ ಯಾರಿಗೂ ಹೇಳದೆ ಸತ್ತಿರಬೇಕು.

ಅರ್ಧ ಚರ್ಚನ್ನು ಒಯ್ಯಲು ಆ ಮನುಷ್ಯನಿಗೆ ಮನಸ್ಸಾಗಲಿಲ್ಲ. ಇನ್ನೊಂದು ವರ್ಷ ಹೀಗೇ ನಡೆಸಿ ನೋಡೋಣ ಎಂದು ಸಮಿತಿಯವರು ಕೈ ಎತ್ತಿದರು. ತಲೆ ಎಣಿಸಿದರೆ ಅವತ್ತೂ ಹತ್ತೊಂಬತ್ತೇ. ಒಂದು ವರ್ಷದ ಮೇಲೆ ಏನೋ, ನಾನು ಹೇಳಲಾರೆ. ಡೊರೋತಿ ಕೀಲಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

ಊರಿಗೆ ಹೊರಡುವ ಮುಂಚೆ ಹಲಗೆಗಳನ್ನೆಲ್ಲ ಮತ್ತೆ ಕೂಡಿಸಿ ಕೊಟ್ಟೆ. ಒಂದನ್ನು ಮಾತ್ರ ಡೊರೋತಿಯ ಮಾತಿನಂತೆ ಗೆರೆ ಮೇಲೆ ಮಾಡಿ ಹಾಕಿದೆ, ಜನ ಮಂಡಿಯೂರಿ ಪ್ರಸಾದ ತೆಗೆದುಕೊಳ್ಳುವ ಕಟಕಟೆಯ ಮುಂದೆ. ಸಿಬಿರು ಏಳದಂತೆ ಮೇಲೆ ಎಣ್ಣೆ ಹಚ್ಚಿದೆ, ಬೇರೇನೂ ತಿಕ್ಕಲಿಲ್ಲ. ಅಕ್ಕ ಅವತ್ತು ಜೊತೆಗೆ ಬಂದಿದ್ದಳು. ಡೊರೋತಿ ಮೊದಲು ಮಂಡಿಯೂರಿದರು, ಆಮೇಲೆ ಅಕ್ಕನಿಗೂ ಜಾಗ ಬಿಟ್ಟರು. ಅಕ್ಕ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು.

ಊರಿಗೆ ಬಂದ ಮೊದಲ ಶನಿವಾರ ಗುಡಿಗೆ ಹೋಗಿ ಈ ಸಲ ಕೆಳಗೆ ನೋಡಿದೆ. ತಗ್ಗು ಇದೆ. ಹೆಬ್ಬೆರಳಿನ ಉಗುರಿನಷ್ಟು.

ಹಾಗಾಗಿ ನಮ್ಮ ಓಣಿಯವರೇ, ಎಲ್ಲಿಗೆ ಚದುರಿದ್ದರೂ ಇದನ್ನು ಓದಿದರೆ ತಿಳಿಯಿರಿ. ಹನಮಪ್ಪನ ಗುಡಿಯ ಹೊಸ್ತಿಲು ಹಳೆಯದಲ್ಲ, ನಾನು ಮಾಡಿದ್ದು. ಹಳೆಯದು ನನ್ನ ಕೈಯಲ್ಲಿ ಮುರಿಯಿತು. ತಪ್ಪಾಯಿತು. ಅದರ ಎರಡೂ ತುಂಡು ಬಟ್ಟೆ ಸುತ್ತಿ ನಮ್ಮ ಮನೆಯ ಅಟ್ಟದ ಮೇಲಿಟ್ಟಿದ್ದೇನೆ. ಮುರಿದದ್ದು ನಡುವಿನಿಂದ ಸ್ವಲ್ಪ ಆಚೆ, ನಿಮ್ಮ ಅಜ್ಜಿಯರು ಅರಿಷಿಣ ಹಚ್ಚಿದ ತಗ್ಗು ಇಡಿಯಾಗಿ ಉಳಿದಿದೆ. ಬೈಯುವುದಿದ್ದರೂ ಬನ್ನಿ, ಮುಟ್ಟುವುದಿದ್ದರೂ ಬನ್ನಿ. ಅಕ್ಕ ಚಹಾ ಮಾಡುತ್ತಾಳೆ.

ಬೇರೆ ಊರಿನ ಓದುಗರೂ, ನಿಮ್ಮ ಕಡೆಯ ಗುಡಿ, ಮಸೀದಿ, ಚರ್ಚು ಯಾವುದೇ ಇರಲಿ, ಅದರಲ್ಲಿ ಹೀಗೆ ಯಾರೋ ಸೇರಿಸಿ ಸುಮ್ಮನಾದದ್ದು ಏನಾದರೂ ಇದ್ದರೆ, ನಿಮಗೆ ಗೊತ್ತಿದ್ದರೆ, ಕೆಳಗೆ ಬರೆಯಿರಿ. ನಾನು ಓದುವುದು ನಿಧಾನ. ಆದರೆ ಒಂದೂ ಬಿಡದೆ ಓದುತ್ತೇನೆ.